ದೇವಸ್ಥಾನದ ಹಳೇ ಚಿತ್ರಗಳಿಗೆ ಬೂಷ್ಟು ಹಿಡಿದರೆ ಬ್ಲೀಚಿಂಗ್ ಹೊಡೆಯಬಹುದೇ?

ನಿಮ್ಮೂರ ದೇವಸ್ಥಾನದ ಒಳಛಾವಣಿಯ ಹಳೇ ಚಿತ್ರಗಳಿಗೆ ಬೂಷ್ಟು ಹಿಡಿದಿದೆ, ಬ್ಲೀಚಿಂಗ್ ಪೌಡರ್ ನೀರು ಹೊಡೆದು ಒರೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒರೆಸಿದರೆ ಬೂಷ್ಟಿನ ಜೊತೆ ಬಣ್ಣವೂ ಬಟ್ಟೆಗೆ ಬರುತ್ತದೆ. ಎಷ್ಟೋ ಕಡೆ ಗಾರೆಯ ಮೇಲೆ ಬಣ್ಣವನ್ನು ಹಿಡಿದಿಟ್ಟಿರುವುದು ಒಂದು ಅಂಟು. ಬೂಷ್ಟಿಗೆ ಊಟವೂ ಅದೇ ಅಂಟು.

ನಾನು ಮೈಕ್ರೋಬಯಾಲಜಿ ಪಾಠ ಮಾಡುವವನು. ಔಷಧಿ ಹೊಡೆಯುವ ಮಾತು ಬಂದಾಗೆಲ್ಲ ಫ್ರಾನ್ಸಿನ ಲಾಸ್ಕೋ ಗುಹೆಯ ಕಥೆ ಹೇಳುತ್ತೇನೆ. ಸುಮಾರು 17,000 ವರ್ಷ ಹಳೆಯ ಗೂಳಿ, ಕುದುರೆ, ಜಿಂಕೆಗಳ ಚಿತ್ರ ಅಲ್ಲಿವೆ. 1940ರಲ್ಲಿ ಹುಡುಗರ ಕಣ್ಣಿಗೆ ಬಿದ್ದವು. 1948ರಲ್ಲಿ ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಬರತೊಡಗಿದರು. ಅವರ ಉಸಿರು, ಮೈ ಕಾವು, ಮೇಲೆ ಲೈಟು. ಗೋಡೆಗೆ ಹಸಿರು ಪಾಚಿ ಹಿಡಿಯಿತು. 1963ರಲ್ಲಿ ಬಾಗಿಲು ಹಾಕಿ, ಆಂಟಿಬಯಾಟಿಕ್, ಫಾರ್ಮಾಲಿನ್ ಹೊಡೆದರು. ಪಾಚಿ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. 2001ರಲ್ಲಿ, ಒಳಗಿನ ಹವೆ ಕಾಯುವ ಯಂತ್ರ ಬದಲಿಸಿದ ಹೊಸದರಲ್ಲೇ, ಫ್ಯುಸೇರಿಯಂ ಅನ್ನುವ ಬಿಳಿ ಬೂಷ್ಟು ಹತ್ತಿಯ ಹಾಗೆ ಹಬ್ಬಿತು. ಅದು ಫಾರ್ಮಾಲಿನ್‌ಗೆ ಬಗ್ಗಲಿಲ್ಲ. ನೆಲಕ್ಕೆ ಸುಟ್ಟ ಸುಣ್ಣ ಸುರಿದರು, ಗೋಡೆಗೆ ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನುವ ಕ್ರಿಮಿನಾಶಕ ಹಾಕಿದರು. ಬಿಳಿ ತಗ್ಗಿತು, ಕಪ್ಪು ಚುಕ್ಕೆ ಶುರುವಾಯಿತು. ಹಾಕಿದ ಔಷಧಿಯೇ ಒಡೆದು, ಸತ್ತ ಬೂಷ್ಟಿನ ಜೊತೆ ಸೇರಿ, ಮುಂದಿನದಕ್ಕೆ ಗೊಬ್ಬರವಾಯಿತು ಅನ್ನುತ್ತಾರೆ ಅಲ್ಲಿ ಅಧ್ಯಯನ ಮಾಡಿದವರು. ಸಾಲದ್ದಕ್ಕೆ, ಕಪ್ಪು ಬೂಷ್ಟನ್ನು ಮೇಯುವ ಸಣ್ಣ ಹುಳಗಳು ತಮ್ಮ ಹಿಕ್ಕೆಯಲ್ಲಿ ಅದರ ಬೀಜಕಣಗಳನ್ನು ಗುಹೆಯೆಲ್ಲ ಹರಡಿದವು! ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ನಿಮ್ಮ ವಿಷಯಕ್ಕೆ ಬರೋಣ. ಅದು ಬೂಷ್ಟೋ, ದೀಪದ ಮಸಿಯೋ ಮೊದಲು ಖಾತ್ರಿ ಮಾಡಿಕೊಳ್ಳಿ. ಬೂಷ್ಟೇ ಆದರೆ ಅದಕ್ಕೆ ನೀರು ಎಲ್ಲಿಂದ ಸಿಗುತ್ತಿದೆ ಅಂತ ಹುಡುಕಿ. ಮಾಳಿಗೆ ಹತ್ತಿ. ಅರಳಿ ಗಿಡ ಬೇರು ಬಿಟ್ಟಿದೆಯಾ, ಮಳೆನೀರು ಹೋಗುವ ದಾರಿ ಕಟ್ಟಿಕೊಂಡಿದೆಯಾ ನೋಡಿ. ನೆಲ ತೊಳೆದ ಕೂಡಲೇ ಬಾಗಿಲು ಹಾಕಬೇಡಿ, ಗಾಳಿಯಾಡಲಿ.

ಆಮೇಲೆ ಅದು ಬೆಳೆಯುತ್ತಿದೆಯಾ ಅಂತ ತಿಳಿಯಬೇಕು. ಈಜಿಪ್ಟಿನ ಪ್ರಾಚೀನ ರಾಜ ಟುಟಂಖಾಮನ್‌ನ ಸಮಾಧಿಯ ಗೋಡೆ ತುಂಬಾ ಕಂದು ಚುಕ್ಕೆಗಳಿವೆ. ನೋಡಲು ಬರುವವರ ಉಸಿರಿನಿಂದ ಬೆಳೆಯುತ್ತಿವೆ ಅಂತ ಭಯವಿತ್ತು. 1920ರ ದಶಕದ ಫೋಟೋಗಳ ಜೊತೆ ಹೋಲಿಸಿದರೆ, ಇದ್ದಷ್ಟೇ ಇವೆ! ಜೀವಿಗಳು ಯಾವತ್ತೋ ಸತ್ತಿದ್ದವು. ಕಲೆ ಬಣ್ಣದೊಳಗೇ ಇಳಿದಿರುವುದರಿಂದ ಹಾಗೇ ಬಿಟ್ಟಿದ್ದಾರೆ.

ನೀವೂ ಇವತ್ತೇ ಫೋಟೋ ತೆಗೆದಿಡಿ. ಮಳೆಗಾಲ ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಮ್ಮೆ. ಆದರೆ ಪುರಾತತ್ವ ಇಲಾಖೆಗೆ ತಿಳಿಸಲು ಅಲ್ಲಿಯವರೆಗೆ ಕಾಯಬೇಡಿ, ಮೊದಲ ಫೋಟೋ ಹಿಡಿದುಕೊಂಡೇ ಹೋಗಿ. ಅರ್ಚಕರ ಕಿವಿಗೂ ಒಂದು ಮಾತು ಹಾಕಿರಿ. ಜಾತ್ರೆ ಬಂತು ಅಂತ ಯಾರಾದರೂ ಸುಣ್ಣ ಬಳಿದಾರು.