ಅಡ್ಡಿ ಹುಟ್ಟುವುದು ಎಲ್ಲಿ?

ನಮಸ್ಕಾರ,

ವಿಮಾನದ ನ್ಯಾವಿಗೇಷನ್ ರಿಸೀವರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಮೂರನೇ ಪುಟದಲ್ಲಿ ನನಗೆ ಸಿಟ್ಟು ಬಂತು. ಅದನ್ನಷ್ಟೇ ಹೇಳುತ್ತೇನೆ.

‘ಎಫ್‌ಎಂ ಸ್ಟೇಷನ್‌ಗಳ ಸಿಗ್ನಲ್ ಪಕ್ಕದ ಐಎಲ್‌ಎಸ್ ಚಾನೆಲ್‌ಗೆ ಸೋರುತ್ತದೆ’ ಎಂದಿದ್ದೀರಿ. ಐಎಲ್‌ಎಸ್ ಅಂದರೆ ವಿಮಾನ ಇಳಿಯಲು ದಾರಿ ತೋರುವ ರೇಡಿಯೋ ವ್ಯವಸ್ಥೆ. ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಐಎಲ್‌ಎಸ್‌ನಲ್ಲಿ ರನ್‌ವೇಯ ನಡುಗೆರೆ ಹಿಡಿಸುವ ಭಾಗವಾದ ಲೋಕಲೈಜರ್ ಅಲ್ಲಿಂದ ಶುರುವಾಗಿ 112ರ ತನಕ ಇದೆ. ಸೋರುವುದೂ ಉಂಟು, ಒಪ್ಪಿದೆ. ಆದರೆ ನೀವು ಬರೆಯುತ್ತಿರುವುದು ರಿಸೀವರ್ ವಿನ್ಯಾಸದ ಬಗ್ಗೆ. ಅಲ್ಲಿ ನಿದ್ದೆ ಕೆಡಿಸುವುದು ರಿಸೀವರಿನ ಹೊಟ್ಟೆಯಲ್ಲೇ ಹುಟ್ಟುವ ಅಡ್ಡಿ. ಬೆಂಗಳೂರಿನವರಿಗೆ ಗೊತ್ತಿರುವ ಎಫ್‌ಎಂ ಸ್ಟೇಷನ್‌ಗಳು 98.3 ಮತ್ತು 104 ತಗೊಳ್ಳಿ. ಎರಡೂ ಜೋರಾಗಿ ಒಳಬಂದರೆ ಮೊದಲ ಆಂಪ್ಲಿಫೈಯರ್ ಅವನ್ನು ಕಲಸಿಬಿಡುತ್ತದೆ. 104ರ ಎರಡರಷ್ಟು 208. ಅದರಲ್ಲಿ 98.3 ಕಳೆದರೆ 109.7. ಅದು ಲೋಕಲೈಜರಿನ ಚಾನೆಲ್! ಗಾಳಿಯಲ್ಲಿ ಅಂಥ ಎಫ್‌ಎಂ ಸಿಗ್ನಲ್ ಇರಲೇ ಇಲ್ಲ.

ಮುಂದಿನ ಸಾಲು: ‘ಕೊನೆಯ ಹಂತದ ಡಿಜಿಟಲ್ ಫಿಲ್ಟರ್ ಬೇಡದ್ದನ್ನು ತೆಗೆದುಹಾಕುತ್ತದೆ.’ ಹೇಗೆ ಸ್ವಾಮಿ? ಅಡ್ಡಿ ಕೂತಿರುವುದು ಬೇಕಾದ ಚಾನೆಲ್ಲಿನ ಮೇಲೇ. ಫಿಲ್ಟರ್ ಇರಬೇಕಾದದ್ದು ಆಂಪ್ಲಿಫೈಯರಿಗಿಂತ ಮುಂಚೆ. ಅಲ್ಲಿ ಎರಡೂ ಎಫ್‌ಎಂ ಸಿಗ್ನಲ್‌ಗಳನ್ನು 10 ಡೆಸಿಬೆಲ್ ತಗ್ಗಿಸಿದರೆ ಅಡ್ಡಿ 30 ಡೆಸಿಬೆಲ್ ತಗ್ಗುತ್ತದೆ; ಅದರಲ್ಲಿ 104ರದ್ದು ಎರಡು ಪಾಲು, 98.3ರದ್ದು ಒಂದು ಪಾಲು, ಮೂರೂ ತಗ್ಗುತ್ತವೆ. ಇಷ್ಟು ದೊಡ್ಡ ಲಾಭವನ್ನು ನೀವು ಹೇಳೇ ಇಲ್ಲ. 107.9ರಂಥ ಅಂಚಿನ ಸ್ಟೇಷನ್ ಇದ್ದರೆ ಮಾತ್ರ ಫಿಲ್ಟರ್ ಕೈಕೊಡುತ್ತದೆ. ಆಗ ಜೋರು ಸಿಗ್ನಲ್ಲಿಗೂ ಜಗ್ಗದ ಆಂಪ್ಲಿಫೈಯರ್ ಬೇಕು. ಅದಕ್ಕೆ ಕರೆಂಟ್ ಜಾಸ್ತಿ. ಈ ಜಗ್ಗಾಟವೇ ನಿಮ್ಮ ಲೇಖನ ಆಗಬೇಕಿತ್ತು, ಅಲ್ವಾ?

ಪತ್ರಿಕೆಗೆ ಬರುವ ಮುಂಚೆ ನಾನು ರೇಡಿಯೋ ರಿಪೇರಿ ಬೆಂಚಿನಲ್ಲಿ ಟ್ರೈನಿಯಾಗಿದ್ದೆ. ಅಲ್ಲಿನ ಹಿರಿಯರೊಬ್ಬರದು ಮಾತು ಕಮ್ಮಿ. ಅಡ್ಡಿ ಕಂಡರೆ ಸುಮ್ನೆ ಆಂಟೆನಾ ಕೇಬಲ್ಲಿಗೆ ಸಿಗ್ನಲ್ಲನ್ನು 3 ಡೆಸಿಬೆಲ್ ತಗ್ಗಿಸುವ ಪ್ಯಾಡ್ ಸಿಕ್ಕಿಸುತ್ತಿದ್ದರು. ಅಡ್ಡಿ 3 ಇಳಿದರೆ ಹೊರಗಿನದು, 9 ಇಳಿದರೆ ಈ ಥರ ಒಳಗೇ ಹುಟ್ಟಿದ್ದು. ಮೀಟರ್ ನೋಡಿ ನಾವು ಹೇಳಬೇಕು. ಹೇಳಿದ ಮೇಲೆ ‘ಯಾಕೆ 9?’ ಅನ್ನುವರು. ಉತ್ತರ ಬರುವ ತನಕ ಟೀಗೆ ಬಿಡುತ್ತಿರಲಿಲ್ಲ. ನಿಮ್ಮ ಮೂರನೇ ಪುಟ ಓದುವಾಗ ಅವರ ದನಿಯೇ ಕೇಳಿಸಿತು.

ಇನ್ನೊಂದು. 1998ರ ಜನವರಿ 1ರಿಂದ ಇಂಥ ಅಡ್ಡಿ ತಡೆಯುವ ರಿಸೀವರ್ ಇರಬೇಕೆಂಬ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮವನ್ನು ಮೊದಲ ಸಾಲಿನಲ್ಲೇ ಹಾಕಿದ್ದೀರಿ. ಅಡ್ಡಿ ಯಾವುದೆಂದೇ ತಿಳಿಯದವರಿಗೆ ಆ ದಿನಾಂಕ ಯಾಕೆ? ಲೆಕ್ಕ ಆದ ಮೇಲೆ ಬರಲಿ.

ತಿದ್ದಿ ಕಳಿಸಿ. ನನ್ನ 109.7 ಎತ್ತಿಕೊಳ್ಳಬೇಡಿ. ನಿಮ್ಮೂರಿನ ಸ್ಟೇಷನ್‌ಗಳಲ್ಲೇ ಬೇರೆ ಜೋಡಿ ಹುಡುಕಿ.