ಕಾರ್ಪಸ್ ಬಳಸಿ ಪದವಿ ಮಕ್ಕಳಿಗೆ ಇಂಗ್ಲಿಷ್ ಶಬ್ದ ಕಲಿಸುವುದು ಹೇಗೆ?

ಸೇಡಂ ಕಡೆಯ ಪದವಿ ಕಾಲೇಜು, ಲ್ಯಾಬಿನಲ್ಲಿ ನಾಲ್ಕೈದು ಕಂಪ್ಯೂಟರ್, ನೆಟ್ ಬಂದರೆ ಬಂತು, ಹೀಗಿದ್ದಾಗ ಅಂತಿಮ ವರ್ಷದವರಿಗೆ ಕಾರ್ಪಸ್ (ನಿಜ ಬಳಕೆಯ ವಾಕ್ಯಗಳ ದೊಡ್ಡ ಕಂಪ್ಯೂಟರ್ ಸಂಗ್ರಹ) ಇಟ್ಟುಕೊಂಡು ಪಾಠ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು ಸರ್. ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂಡಿಸುವುದೇ ಬೇಡ. ನೀವು ಮನೆಯಲ್ಲಿ ಹುಡುಕಿ, ಪ್ರಿಂಟ್ ತೆಗೆದು ಒಯ್ಯಿರಿ.

ಅಪರೂಪದ ಶಬ್ದಗಳ ಬೆನ್ನು ಹತ್ತಬೇಡಿ. ಏವ್ರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ, ಅಂದರೆ ಶೈಕ್ಷಣಿಕ ಬರಹದಲ್ಲಿ ಹೆಚ್ಚು ಬರುವ ಶಬ್ದಗಳ ಪಟ್ಟಿಯಲ್ಲಿ, 570 ಪದಕುಟುಂಬಗಳಿವೆ (ಒಂದು ಶಬ್ದ ಮತ್ತು ಅದರಿಂದಾದ ರೂಪಗಳು ಸೇರಿ ಒಂದು ಕುಟುಂಬ). ಅದರ 10 ಉಪಪಟ್ಟಿಗಳಲ್ಲಿ ಮೊದಲನೆಯದೇ ಒಂದು ವರ್ಷಕ್ಕೆ ಸಾಕು. ಅಲ್ಲಿನ ಶಬ್ದಗಳ ಅರ್ಥ ಮಕ್ಕಳಿಗೆ ಗೊತ್ತು, ಬಳಕೆ ಗೊತ್ತಿಲ್ಲ.

'ಎವಿಡೆನ್ಸ್' ತಗೊಳ್ಳಿ. ಸ್ಕೆಲ್ (SkELL) ಎಂಬ ಕಾರ್ಪಸ್ ತಾಣಕ್ಕೆ ಲಾಗಿನ್ ಬೇಕಿಲ್ಲ, ಒಂದು ಶಬ್ದಕ್ಕೆ 40ರವರೆಗೆ ವಾಕ್ಯ ಕೊಡುತ್ತದೆ. ಉದ್ದನೆಯವು, ಪರದೇಶದ ಹೆಸರುಗಳೇ ತುಂಬಿದವು ತೆಗೆದುಹಾಕಿ 12 ಉಳಿಸಿ. ಮೂರು ಕಾಲಮ್ಮಿನ ಟೇಬಲ್ ಮಾಡಿ, ಶಬ್ದ ನಡುವೆ ಒಂದರ ಕೆಳಗೊಂದು ಬರಲಿ. ಇಬ್ಬರಿಗೊಂದು ಹಾಳೆ. ಎಡಕ್ಕೆ ಯಾವ ಕ್ರಿಯಾಪದ, ಯಾವ ವಿಶೇಷಣ, ಬಲಕ್ಕೆ ಏನು ಎಂದಷ್ಟೇ ಗೆರೆ ಎಳೆಯಲಿ. 'ಪ್ರೊವೈಡ್', 'ಫೈಂಡ್', 'ಸ್ಟ್ರಾಂಗ್', 'ಸೈಂಟಿಫಿಕ್', ಮುಂದೆ 'ಆಫ್', 'ದಟ್', 'ಸಜೆಸ್ಟ್ಸ್' ತಾವಾಗಿಯೇ ಸಿಗುತ್ತವೆ. ನಿಯಮ ನೀವು ಮೊದಲೇ ಹೇಳಿದರೆ ಹಾಳೆಗೆ ಕೆಲಸವೇ ಇರುವುದಿಲ್ಲ. ಆಮೇಲೆ ಸನ್ನತಿಯ ಅಶೋಕ ಶಾಸನದ ಬಗ್ಗೆ ಆ ಜೋಡಿಗಳನ್ನೇ ಬಳಸಿ ಎರಡು ವಾಕ್ಯ ಬರೆಸಿ.

ಎಡವಟ್ಟಾಗುವುದು ಬಹುವಚನದಲ್ಲಿ. ಪುರಾವೆಗಳು ಎಂದು ರೂಢಿಯಾದವರು 'ಎವಿಡೆನ್ಸಸ್' ಬರೆಯುತ್ತಾರೆ. ತಪ್ಪು ಎಂದರೆ ಯಾರಾದರೂ ಮೊಬೈಲಿನಲ್ಲೇ ಹುಡುಕಿ "ಇಲ್ಲಿ ಐತಲ್ರಿ ಸರ್" ಅನ್ನುತ್ತಾರೆ. ಇರುತ್ತದೆ, ಆದರೆ ಎಷ್ಟೋ ಸಾಲುಗಳಲ್ಲಿ ಅದು 'ತೋರಿಸಿಕೊಡುತ್ತದೆ' ಎಂಬ ಅರ್ಥದ ಕ್ರಿಯಾಪದ. ಹಾಗಾಗಿ ಸಾಲು ಓದಿಸದೆ ಎಣಿಕೆ ತೋರಿಸಬೇಡಿ.

ಭಾರತೀಯ ಇಂಗ್ಲಿಷಿನಲ್ಲಿ 'ಎವಿಡೆನ್ಸಸ್' ನಡೆಯುತ್ತದಲ್ಲ ಎಂಬ ವಾದವೂ ಬರುತ್ತದೆ, ಒಳ್ಳೆಯ ವಾದವೇ. 20 ದೇಶಗಳ ವೆಬ್ ಇಂಗ್ಲಿಷ್ ಇರುವ ಗ್ಲೋಬ್ (GloWbE) ಕಾರ್ಪಸ್‌ನಲ್ಲಿ ನೋಡಿ. ಅಲ್ಲಿ ಭಾರತದ ಪಾಲು ಸುಮಾರು 9.6 ಕೋಟಿ ಪದ, ಬ್ರಿಟನ್ನಿನದು 38 ಕೋಟಿ ಮೇಲೆ. ಒಟ್ಟು ಸಂಖ್ಯೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹತ್ತು ಲಕ್ಷ ಪದಕ್ಕೆ ಎಷ್ಟು ಎಂಬ ಸಾಲನ್ನೇ ನೋಡಬೇಕು. ಇದಕ್ಕೆ ಖಾತೆ ಬೇಕು, ಉಚಿತ ಖಾತೆಗೆ ದಿನದ ಮಿತಿಯಿದೆ. ಪೀರಿಯಡ್ ನಡುವೆ ಕೈಕೊಡದಂತೆ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ.

ನೆಟ್ ಇಲ್ಲದ ದಿನಕ್ಕೆ ಆಂಟ್‌ಕಾಂಕ್ (AntConc) ಇದೆ, ನಮ್ಮದೇ ಫೈಲುಗಳಲ್ಲಿ ಶಬ್ದ ಹುಡುಕಿ ಸಾಲು ತೋರಿಸುವ ಸಾಫ್ಟ್‌ವೇರ್, ಉಚಿತ. ಮಕ್ಕಳ ಪ್ರಬಂಧಗಳನ್ನು ಯುಟಿಎಫ್-8 (ಅಕ್ಷರ ಉಳಿಸುವ ಒಂದು ಸಂಕೇತ ವಿಧಾನ) ಟೆಕ್ಸ್ಟ್ ಫೈಲ್ ಮಾಡಿ ಅದಕ್ಕೆ ಹಾಕಿ, ಹಿಂದಿನ ಹಾಳೆಯ ಪಕ್ಕದಲ್ಲೇ ಅವರ ಸಾಲುಗಳನ್ನೂ ಇಡಿ.