ನುಗ್ಗೆಸೊಪ್ಪು ಹಾಕಿದ್ರೆ ಕೋಶ ಜಾಸ್ತಿ ಆಯ್ತಾ?

ನುಗ್ಗೆಸೊಪ್ಪಿನ ಸಾರ ಹಾಕಿದ ಮೇಲೆ ಎಂಟಿಟಿ ಕಿಟ್ (ಬಣ್ಣ ನೋಡಿ ಜೀವಂತ ಕೋಶ ಎಷ್ಟಿವೆ ಅಂತ ಅಳೆಯೋದು) ಸಾರ ಹಾಕದ ಕೋಶಗಳಿಗೆ ಹೋಲಿಸಿದರೆ ಜೀವಂತ ಕೋಶ ಶೇ. 130 ಅಂತ ತೋರಿಸಿತು, ಕಿಟ್ ಧಾರವಾಡಕ್ಕೆ ಬರೋವಾಗ ಬಿಸಿಲಿಗೆ ಕೆಟ್ಟಿರಬಹುದಾ ಅಂತ ಕೇಳಿದ್ದೀರಿ. ನನಗೆ ಅನುಮಾನ ಇರೋದು ಕಿಟ್ ಮೇಲಲ್ಲ, ಸೊಪ್ಪಿನ ಮೇಲೆ.

ಎಂಟಿಟಿ ಹಳದಿ ಪುಡಿ. ಜೀವಂತ ಕೋಶದ ಕಿಣ್ವಗಳು ಅದನ್ನು ಫಾರ್ಮಜಾನ್ ಅನ್ನೋ ನೇರಳೆ ವಸ್ತುವಾಗಿ ಮಾಡುತ್ತವೆ. ಆದರೆ ಸೊಪ್ಪಿನ ಪಾಲಿಫಿನಾಲ್, ವಿಟಮಿನ್ ಸಿ ಕೂಡ ಕೋಶದ ನೆರವಿಲ್ಲದೆ ಅದೇ ಕೆಲಸ ಮಾಡಬಲ್ಲವು! ಕೋಶವೇ ಇಲ್ಲದ ಮೂರು ವೆಲ್‌ಗಳಲ್ಲಿ (ಪ್ಲೇಟ್‌ನ ಪುಟ್ಟ ಗುಂಡಿಗಳು) ಮೀಡಿಯಂ (ಕೋಶ ಬೆಳೆಸುವ ದ್ರವ), ಸಾರ, ಎಂಟಿಟಿ ಮಾತ್ರ ಹಾಕಿ ನೋಡಿ. ನೇರಳೆ ಬಂದರೆ ಕಳ್ಳ ಸಿಕ್ಕ ಹಾಗೆ. ಆಗ ಎಂಟಿಟಿ ಹಾಕುವ ಮುಂಚೆ ಸಾರದ ಮೀಡಿಯಂ ತೆಗೆದು, ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಲ್ಲಿ ತೊಳೆದು, ಹೊಸ ಮೀಡಿಯಂ ಹಾಕಿ. ಮೆಲ್ಲಗೆ ತೊಳೀರಿ. ನಾನು ಅವಸರ ಮಾಡಿ ಅರ್ಧ ಕೋಶಗಳನ್ನು ಸಿಂಕ್‌ಗೆ ಕಳಿಸಿದ್ದೆ.

ಫಾರ್ಮಜಾನ್ ಹರಳು ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಪೂರ್ತಿ ಕರಗಿದ ಮೇಲೇ ಬಣ್ಣ ಎಷ್ಟು ಗಾಢ ಅಂತ 570 ನ್ಯಾನೋಮೀಟರ್ ಬೆಳಕಿನಲ್ಲಿ ಓದಿ. ಸಾರಕ್ಕೆ ಹಸಿರು ಬಣ್ಣ ಬೇರೆ ಇದೆ ಅಲ್ವಾ, ಅದರಿಂದ ಬರೋ ಅಂಕಿಯನ್ನೂ ಲೆಕ್ಕದಿಂದ ಕಳೆಯಬೇಕು.

ಇಷ್ಟಾದರೂ ಗೊಂದಲ ಉಳಿದರೆ ಟ್ರಿಪಾನ್ ಬ್ಲೂ ಅನ್ನೋ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಸತ್ತ ಕೋಶಗಳು ನೀಲಿಯಾಗುತ್ತವೆ. ಬೇಜಾರಿನ ಕೆಲಸ, ಆದರೆ ಇದಕ್ಕೆ ಖರ್ಚು ಕಡಿಮೆ.

ಎಂಟಿಟಿ ದ್ರಾವಣದ ಬಾಟಲಿಗೆ ಫಾಯಿಲ್ ಸುತ್ತಿಡಿ, ಬೆಳಕು ಅದಕ್ಕೆ ಆಗಿಬರಲ್ಲ. ಹಸಿರಿಗೆ ತಿರುಗಿದ್ದರೆ ಚೆಲ್ಲಿ.